ಸೀಮೆಸುಣ್ಣದ ನಂಬರು

ಅರವತ್ತು ದಾಟಿದವರ ನೆನಪು ವಾರಕ್ಕೊಮ್ಮೆ ಅಳಿಸಿಹೋಗುತ್ತಿದ್ದುದರಿಂದ, ಸೋಮವಾರ ಬೆಳಿಗ್ಗೆ ಟೇಪಿನಿಂದ ತುಂಬಿಸಿಕೊಂಡು ಬರುವುದು ದಾವಣಗೆರೆಯಲ್ಲಿ ಕ್ಷೌರದಷ್ಟೇ ಮಾಮೂಲಾಗಿತ್ತು. ಆದರೆ ಇಂದು ನೆನಪು ತುಂಬುವ ಕೇಂದ್ರದ ಮೆಕ್ಯಾನಿಕ್ ಕೊಟ್ರಮ್ಮ ಒಂದೇ ಕುರ್ಚಿಯ ಬಳಿ ಸಿಕ್ಕಿಬಿದ್ದಿದ್ದಳು. ಕಂಪ್ಯೂಟರಿಗೆ ಹಾಕಿದ ಹೊಸ ಮದರ್‌ಬೋರ್ಡು, ಟೇಪ್ ಓದುವ ಹಳೆಯ ಡ್ರೈವೊಂದನ್ನು ಗುರುತಿಸುತ್ತಲೇ ಇರಲಿಲ್ಲ. ಆ ಡ್ರೈವಿಗೆ ಜೋಡಿಸಿದ ಕುರ್ಚಿಯಲ್ಲಿ ಕೂತವನು ಅವಳ ಅಪ್ಪ.

"ಯಾರವ್ವಾ ನೀನು?" ಎಂದು ಆಗಲೇ ಎರಡು ಸಲ ಕೇಳಿ, ಅವನು ಕಣ್ಣು ಮುಚ್ಚಿದ್ದ.

ಕೇಬಲ್ ಬದಲಿಸಿದಳು, ಕಂಟ್ರೋಲರ್ ಕಾರ್ಡ್ ಬದಲಿಸಿದಳು. ಕೊನೆಗೆ ಡ್ರೈವಿನ ನಂಬರಿನ ಗುಂಡಿಯನ್ನು ಮೂರಕ್ಕೆ ತಿರುಗಿಸಿದಾಗ ಹಸಿರು ದೀಪ ಹತ್ತಿತು. ಎರಡು ಡ್ರೈವಿಗೆ ಒಂದೇ ನಂಬರು ಬೀಳಬಾರದೆಂದು ಪ್ರತಿಯೊಂದರ ನೆತ್ತಿಯ ಮೇಲೂ ಸೀಮೆಸುಣ್ಣದಲ್ಲಿ ಬರೆದಿಡುವುದು ವಾಡಿಕೆ. ನಿನ್ನೆ ಆಯುಧಪೂಜೆಗೆಂದು ಅವಳೇ ಎಲ್ಲವನ್ನೂ ಒರೆಸಿ ಕುಂಕುಮ ಹಚ್ಚಿದ್ದಳು.

ಅಪ್ಪ ಕಣ್ಣು ಬಿಟ್ಟ. "ಕೊಟ್ರೀ, ತಿಂಡಿ ತಿಂದ್ಯೇನವ್ವಾ?"

ಅವಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಪಕ್ಕದ ಕುರ್ಚಿಯ ಅಪರಿಚಿತ ಮುದುಕನೂ ಕಣ್ಣು ಬಿಟ್ಟು, ಅದೇ ಅಕ್ಕರೆಯಿಂದ ಅವಳತ್ತ ತಿರುಗಿದ.

"ಕೊಟ್ರೀ, ತಿಂಡಿ ತಿಂದ್ಯೇನವ್ವಾ?"

ಕೊಟ್ರಮ್ಮ ಅವನ ಡ್ರೈವಿನತ್ತ ನೋಡಿದಳು; ಅದರ ಗುಂಡಿಯೂ ಮೂರರಲ್ಲೇ ಇತ್ತು. ಬಾಗಿಲಲ್ಲಿ ಆ ಮುದುಕನ ಹೆಂಡತಿ ಚಹಾದ ಫ್ಲಾಸ್ಕ್ ಹಿಡಿದು ನಗುತ್ತ ನಿಂತಿದ್ದಳು. "ಮುಗೀತೇನವ್ವಾ? ನಮ್ಮ ಯಜಮಾನ್ರನ್ನ ಮನೀಗೆ ಕರ್ಕಂಡು ಹೋಗ್ಲಾ?"