ಬೆರಳು ಮುಂದೆ, ಅಲಗು ಹಿಂದೆ

“ಡೆಸ್ ಮಾಮ, ಅಪ್ಪನ ಕೈಗೆ ಅದನ್ನ ಕೊಡಬೇಡಿ!” ಎಂದು ಹಿನೆವಾಯ್ ಹೇಳುವಷ್ಟರಲ್ಲಿ ಬೇಟೆ ಸಾಮಾನಿನ ಅಂಗಡಿಯ ಡೆಸ್ ಚಾಕುವನ್ನು ಒರೆಯಿಂದ ಎಳೆದು ಹೋಹೆಪನ ಅಂಗೈಗೆ ಇಟ್ಟಾಗಿತ್ತು. ಕಣ್ಣಿನ ನರ ಸತ್ತು ಹೋಹೆಪ ಪೂರ್ತಿ ಕುರುಡನಾಗಿ ವರ್ಷವಾಗಿತ್ತು. ಹೋದ ತಿಂಗಳು ಸಿಹಿಗೆಣಸು ಹೆಚ್ಚಲು ಹೋಗಿ ಹೆಬ್ಬೆರಳು ಸೀಳಿಕೊಂಡ ಮೇಲೆ ಮಗಳು ಮನೆಯ ಚಾಕುಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗ ಜಡಿದಿದ್ದಳು. ಇವತ್ತು ಬೆಳಿಗ್ಗೆ ಅವನು, “ನಾಳೆ ಜಿಂಕೆ ಬೇಟೆಗೆ ಹೋಗ್ತೀಯಲ್ಲ, ನಾನೂ ಬರ್ತೀನಿ. ಹೊಡೆಯೋದು ನೀನು, ಸುಲಿಯೋದು ನಾನು. ನನ್ನ ಹಳೇ ಚಾಕು ಕಣ್ಣಿದ್ದವನದು, ಅದು ಬೇಡ. ನಡಿ, ಮುರುಪಾರ ಪೇಟೆಗೆ ಹೋಗಿ ಬೇರೆ ತರೋಣ,” ಎಂದವನೇ ಕೋಟು ಹಾಕಿಕೊಂಡು ಕಾರಿನಲ್ಲಿ ಕೂತುಬಿಟ್ಟಿದ್ದ.

ಹೋಹೆಪ ಅಲಗಿನ ಬೆನ್ನ ಮೇಲೆ ಬೆರಳಾಡಿಸಿದ. ಬೆರಳು ಹೋಗುತ್ತಲೇ ಇತ್ತು, ತುದಿ ಸಿಗಲಿಲ್ಲ.

“ಇದು ಕಾಡುಹಂದಿ ತಿವಿಯೋದು ಕಣಯ್ಯ. ನನ್ನ ಕೈಗೆ ಬರೋ ಹೊತ್ತಿಗೆ ಜಿಂಕೆ ಸತ್ತಿರುತ್ತೆ. ಅದನ್ನ ಇನ್ನೊಂದ್ಸಲ ಕೊಲ್ಲಬೇಕಾ?”

ಡೆಸ್ ನಕ್ಕು ಮಡಚುವ ಚಾಕು ಕೊಟ್ಟ. ಹೋಹೆಪ ಅದನ್ನು ಬಿಚ್ಚಿ, ಮುಚ್ಚಿ, ವಾಪಸು ಕೊಟ್ಟ. “ಸಂದಿಯೊಳಗೆ ರಕ್ತ ಕೂತು ನಾರುತ್ತೆ. ಅಲ್ದೆ, ಇದು ಬೆರಳ ಮೇಲೆ ಮಡಚಿಕೊಂಡ್ರೆ ಇವಳು ನನ್ನನ್ನೂ ಕಪಾಟಿಗೆ ಹಾಕಿ ಬೀಗ ಹಾಕ್ತಾಳೆ.”

ಹಿನೆವಾಯ್ ಮುಖ ತಿರುಗಿಸಿದಳು. ಡೆಸ್ ಈಗ ತನ್ನ ಗಾಜಿನ ಪೆಟ್ಟಿಗೆಯನ್ನೇ ತೆರೆದು ಇನ್ನೊಂದು ಚಾಕು ತೆಗೆದ. ಜಿಂಕೆ ಕೊಂಬಿನ ನುಣುಪು ಹಿಡಿ, ಅಲಗಿನ ತುದಿಯಲ್ಲೊಂದು ಕೊಕ್ಕೆ. “ಇದನ್ನ ಹೊಟ್ಟೆ ಚರ್ಮಕ್ಕೆ ಸಿಕ್ಕಿಸಿ ಎಳೆದ್ರೆ ಸಾಕು, ಜಿಪ್ ತೆಗೆದ ಹಾಗೆ ಬಿಚ್ಚಿಕೊಳ್ಳುತ್ತೆ.”

“ಹೊಸದರಲ್ಲಿ ಬಿಚ್ಚುತ್ತೆ. ಮೊಂಡಾದ ಮೇಲೆ ಆ ಕೊಕ್ಕೆಯೊಳಗೆ ಸಾಣೆ ಹಿಡಿಯೋಕೆ ನೀನು ಬರ್ತೀಯಾ? ಇರಲಿ, ಏನೋ ತಿಂತಾ ಇದ್ದೀಯಲ್ಲ, ಘಮ ಬರ್ತಿದೆ.”

“ಕುರಿ ಮಾಂಸ ತುಂಬಿದ ಪೈ.”

“ಇಲ್ಲಿ ಕೊಡು.” ಹೋಹೆಪ ಮೂರು ಬೆರಳನ್ನು ಪೈಯೊಳಗೆ ಅದ್ದಿ ಜಿಡ್ಡನ್ನು ಅಂಗೈಗೆಲ್ಲ ಬಳಿದುಕೊಂಡು ಕೊಂಬಿನ ಹಿಡಿಯನ್ನು ಬಿಗಿಹಿಡಿದ. ಅದು ಹಾವುಮೀನಿನ ಹಾಗೆ ಜಾರಿತು. “ನೋಡಿದ್ಯಾ?” ಎಂದ. “ನನ್ನ ಊಟ ಹೋಯ್ತಲ್ಲೋ, ಪಾಪಿ!” ಎಂದು ಡೆಸ್ ಕೂಗಿದ.

ಕೊನೆಗೆ ಸಿಕ್ಕಿದ್ದು ಕೆಳಗಿನ ಖಾನೆಯಲ್ಲಿ. ಬೆರಳುದ್ದದ ಅಲಗು, ಕೊಕ್ಕೆಯಿಲ್ಲ, ಮಡಚುವುದಿಲ್ಲ. ಹರಿತವಾದ ಬಾಯಿ ಹೊಟ್ಟೆ ಬಂದ ಹಾಗೆ ಉಬ್ಬಿ, ತುದಿ ಚುಚ್ಚದಂತೆ ಕೆಳಗಿಳಿದಿತ್ತು. ಒರಟು ರಬ್ಬರಿನ ಹಿಡಿ. ಜಿಡ್ಡುಗೈಯಲ್ಲೂ ಅದು ಅಲುಗಲಿಲ್ಲ. ಹೋಹೆಪ ತೋರುಬೆರಳನ್ನು ಅಲಗಿನ ಬೆನ್ನ ಮೇಲೆ ಚಾಚಿದ. ಬೆರಳ ತುದಿ ಅಲಗಿನ ತುದಿಯನ್ನು ದಾಟಿ ಒಂದು ಕೂದಲೆಳೆ ಮುಂದೆ ನಿಂತಿತು.

“ಇದೇ. ನನ್ನ ಬೆರಳು ಮುಂದೆ ಹೋಗಿ ದಾರಿ ನೋಡುತ್ತೆ, ಇದು ಹಿಂದೆ ಬರುತ್ತೆ. ಬಣ್ಣ ಯಾವುದು?”

“ಕಿತ್ತಳೆ. ಕಾಡಲ್ಲಿ ಬಿದ್ರೆ ಕಣ್ಣಿಗೆ ಕಾಣಲಿ ಅಂತ,” ಎಂದು ಹೇಳಿ ಡೆಸ್ ನಾಲಿಗೆ ಕಚ್ಚಿಕೊಂಡ. ಹೋಹೆಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನ ಬಿಸಿಲೇರುವ ಹೊತ್ತಿಗೆ ಹಿನೆವಾಯ್ ಹೊಳೆಯ ದಂಡೆಯಲ್ಲಿ ಒಂದು ಹೆಣ್ಣು ಜಿಂಕೆ ಹೊಡೆದಳು. ಅಪ್ಪನ ಕೈಹಿಡಿದು ಕರೆತಂದಳು. ಅವನು ಮಂಡಿಯೂರಿ, ಬೆಚ್ಚಗಿನ ಕತ್ತಿನ ಮೇಲೆ ಕೈಯಿಟ್ಟು, ಕಾಡಿನೊಡೆಯನಾದ ದೇವರಿಗೆ ಹೇಳಬೇಕಾದ್ದನ್ನು ತಗ್ಗಿದ ದನಿಯಲ್ಲಿ ಹೇಳಿದ. ಆಮೇಲೆ ಎದೆಮೂಳೆ ಮುಗಿಯುವ ಜಾಗವನ್ನು ಹುಡುಕಿ ಚರ್ಮಕ್ಕೆ ಸಣ್ಣ ಗಾಯ ಮಾಡಿದ. ಎಡಗೈಯ ಎರಡು ಬೆರಳನ್ನು ಒಳಗೆ ತೂರಿಸಿ ಚರ್ಮವನ್ನು ಮೇಲೆತ್ತಿ, ಆ ಬೆರಳುಗಳ ನಡುವೆ ಅಲಗನ್ನು ಬಾಯಿ ಮೇಲಾಗಿ ನಡೆಸಿದ. ಕೆಳಗೆ ಉಬ್ಬಿದ ಹೊಟ್ಟೆಚೀಲ. ಅದು ಒಡೆದರೆ ಮಾಂಸವೆಲ್ಲ ಹೊಲಸು. ಬೆರಳುಗಳ ನಡುವೆ ಹೊಳೆಯುವ ಉಕ್ಕನ್ನು ನೋಡಲಾರದೆ ಹಿನೆವಾಯ್ ಅವನ ಮಣಿಕಟ್ಟು ಹಿಡಿದಳು.

“ಬಿಡು ಮಗಳೇ,” ಎಂದ ಹೋಹೆಪ, ತಲೆ ಎತ್ತದೆ. “ನನ್ನ ಎರಡು ಕೈ ಎಲ್ಲಿವೆ ಅಂತ ನನಗೆ ಗೊತ್ತು. ಮೂರನೇದು ಬಂದ್ರೇ ಬೆರಳು ಹೋಗೋದು.”

ಅವಳು ಕೈ ತೆಗೆದಳು. ಎರಡೂ ಕೈಯನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡು ಕೂತಳು. ಕರುಳು ಒಂದೂ ಹರಿಯದೆ ಜಾರಿ ಹೊರಬಂತು. ಆಮೇಲೆ ಅವನಿಗೆ ಚಾಕು ಅಷ್ಟಾಗಿ ಬೇಕಾಗಲೇ ಇಲ್ಲ. ಮುಷ್ಟಿಯನ್ನು ಚರ್ಮಕ್ಕೂ ಮಾಂಸಕ್ಕೂ ನಡುವೆ ಒತ್ತಿ ಒತ್ತಿ ಬಿಡಿಸುತ್ತಾ ಹೋದ. ಎಲ್ಲಿ ಅಂಟಿಕೊಂಡಿದೆಯೋ ಅಲ್ಲಿ ಮಾತ್ರ ಅಲಗಿನ ಹೊಟ್ಟೆಯಿಂದ ಸವರಿದ. ಮಲಗಿದ ಮಗುವಿನ ಅಂಗಿ ಕಳಚುವಷ್ಟು ನಿಧಾನ. ಅವನ ಕೈಗಳನ್ನು ಇಷ್ಟು ಹೊತ್ತು ಎವೆಯಿಕ್ಕದೆ ತಾನು ಯಾವತ್ತೂ ನೋಡಿರಲಿಲ್ಲವೆಂದು ಅವಳಿಗೆ ಅನಿಸಿತು. ಕಣ್ಣಿದ್ದಾಗ ಅವನು ಬೇಗ ಬೇಗ ಸುಲಿಯುತ್ತಿದ್ದ. ಇಷ್ಟು ಚೆನ್ನಾಗಿ ಸುಲಿದದ್ದಿಲ್ಲ.

ಕೊನೆಗೆ ಹೋಹೆಪ ಬೆನ್ನು ನೆಟ್ಟಗೆ ಮಾಡಿ, “ತೊಗಲನ್ನ ಎತ್ತಿ ಸೂರ್ಯನಿಗೆ ಹಿಡಿ. ಎಲ್ಲಾದ್ರೂ ಬೆಳಕು ತೂರ್ತಿದ್ಯಾ ನೋಡು,” ಎಂದ.

ಅವಳು ಭಾರವಾದ ತೊಗಲನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದು ಅದರ ನೆರಳಲ್ಲಿ ನಿಂತಳು. “ಎರಡು ಕಡೆ ಕಾಣ್ತಿದೆ ಅಪ್ಪ. ಗುಂಡು ಹೊಕ್ಕದ್ದೊಂದು, ಹೊರಟದ್ದೊಂದು.”

“ಅವು ನಿನ್ನವು. ನನ್ನ ಚಾಕುವಿನದು ಹೇಳು.”

ಹಿನೆವಾಯ್ ಕುತ್ತಿಗೆಯಿಂದ ಬಾಲದವರೆಗೆ ಇನ್ನೊಮ್ಮೆ ಹುಡುಕಿದಳು.

“ನಿನ್ನದು ಪೂರ್ತಿ ಕತ್ತಲೆ, ಅಪ್ಪ.”

“ಹಾಂ,” ಎಂದ ಹೋಹೆಪ, ತೃಪ್ತಿಯಿಂದ. “ಹಾಗಿರಬೇಕು.”