ಕೈ ಹಿಡಿಯುವ ಪಾಠ

"ದೇವ್ರು ನನ್ನ ಮರ್ತೇಬುಟ್ಟ ಕಣಮ್ಮ," ಎಂದು ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ್ದ ಮೇಟಗಳ್ಳಿಯ ಮುದುಕ ಮಹದೇವಯ್ಯ ಹೇಳಿದ್ದೇ ತಡ, ಮಾಲವಿಕಾ ಮೇಡಂ ಮಂಚದ ಪಕ್ಕ ಕೂತು ಅವರ ಕೈ ಹಿಡಿದುಕೊಂಡರು. ಸುತ್ತ ನಿಂತಿದ್ದ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಅವರು ತೋರಿಸಬೇಕೆಂದಿದ್ದದ್ದೂ ಇದನ್ನೇ.

"ನೋಡ್ರಮ್ಮ, ಇಂಥ ಹೊತ್ತಲ್ಲಿ ಸಮಾಧಾನ ಹೇಳೋಕೆ ಹೋಗ್ಬೇಡಿ. ಸುಮ್ನೆ ಕೈ ಹಿಡ್ಕೊಂಡು ಕೂತ್ಕೊಳ್ಳಿ. ಅವರ ಜೊತೆ ನಾವಿದೀವಿ ಅನ್ನೋದು ಗೊತ್ತಾದ್ರೆ ಸಾಕು." ಹುಡುಗಿಯರು ತಲೆಯಾಡಿಸಿದರು. ಮಾತು ಚೆನ್ನಾಗಿ ಬಂತು ಎಂದು ಮಾಲವಿಕಾಗೂ ಅನ್ನಿಸಿತು.

ಮಹದೇವಯ್ಯ ಕೈ ಅಲುಗಿಸದೆ, ಉಸಿರು ಬಿಗಿಹಿಡಿದು ಮಲಗಿದ್ದರು. ಸ್ವಲ್ಪ ಹೊತ್ತಾದ ಮೇಲೆ ಸಂಕೋಚದಿಂದ ಕೇಳಿದರು: "ಎಣ್ಸಿ ಆಯ್ತಾ ಮೇಡಮ್ಮೋರೆ? ಈಗ ಮಾತಾಡ್ಬೋದಾ?"

ವಾಚಿನ ಮೇಲಿದ್ದ ಕಣ್ಣನ್ನು ಮಾಲವಿಕಾ ಆಗ ಕೆಳಗಿಳಿಸಿದರು. ಅವರ ಮೂರು ಬೆರಳು ಎಂದಿನ ಅಭ್ಯಾಸದಂತೆ ಮುದುಕರ ಮಣಿಕಟ್ಟಿನ ನಾಡಿ ಒತ್ತಿಕೊಂಡಿದ್ದವು. ಕಿವಿ ಬಿಸಿಯಾಯಿತು. ಹುಡುಗಿಯರ ಕಡೆ ತಿರುಗಿದರು. ಪಕ್ಕದ ಮಂಚದಲ್ಲಿ ಬಿಂದು ಎಂಬ ವಿದ್ಯಾರ್ಥಿನಿ ಆಗಲೇ ಇನ್ನೊಬ್ಬ ರೋಗಿಯ ಕೈ ಹಿಡಿದು ಕೂತಿದ್ದಳು. ಮೂರು ಬೆರಳು ನಾಡಿಯ ಮೇಲೆ, ಕಣ್ಣು ವಾಚಿನ ಮೇಲೆ, ಥೇಟ್ ಮೇಡಂ ತೋರಿಸಿಕೊಟ್ಟ ಹಾಗೆ.