ಟ್ರಾಸ್ಕನ ಪ್ರಮಾಣ

ಷೆರಿಫ್ ಆರ್ವಿಲ್ ಹಳೆಯ ವಸ್ತುಗಳ ಅಂಗಡಿಯ ಬಾಗಿಲು ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತ. ಅಂಗಡಿಯ ಒಡೆಯ ಈನಕ್ ಟ್ರಾಸ್ಕನಿಗೆ ಹೊರಹೋಗಲು ಬೇರೆ ದಾರಿಯಿರಲಿಲ್ಲ.

ಷೆರಿಫನ ಅತ್ತೆ, ಕಪ್ಪು ಉಡುಪಿನ ಮುದುಕಿ ತಬಿತಾ ಪೆಲ್, ಗೋಡೆಯ ಮೇಲಿನ ಚೌಕಟ್ಟಿನ ಎದುರು ಕುಳಿತಿದ್ದಳು. ಅದರೊಳಗೆ ಒಹಾಯೊ ಸೀಮೆಯಲ್ಲಿ ಸರ್ಕಾರ ಕೊಟ್ಟ ಹಳೆಯ ಜಮೀನು ಪತ್ರ. ಕೊನೆಯಲ್ಲಿ ಅಮೆರಿಕದ ಆರಂಭಕಾಲದ ಅಧ್ಯಕ್ಷರೊಬ್ಬರ ಹೆಸರು.

“ಇದು ಅಧ್ಯಕ್ಷರೇ ಹಾಕಿದ ಸಹೀನಾ?”

“ಅವರದ್ದೇ, ಅಮ್ಮ.”

ಅಲ್ಲವೆಂಬುದು ಟ್ರಾಸ್ಕನಿಗೆ ಗೊತ್ತಿತ್ತು. ಜಮೀನು ಪತ್ರಗಳು ರಾಶಿ ಬಿದ್ದು ಅಧ್ಯಕ್ಷರ ಕೈ ಸೋತಾಗ, ಕಾರ್ಯದರ್ಶಿಯೇ ಅವರ ಹೆಸರು ಬರೆದು, ಕೆಳಗೆ ತನ್ನ ಹೆಸರನ್ನೂ ಹಾಕುವ ಪದ್ಧತಿ ಬಂದಿತ್ತು. ಆ ಕೆಳಗಿನ ಸಾಲನ್ನು ಟ್ರಾಸ್ಕ್ ಚೌಕಟ್ಟಿನ ಅಂಚಿನಡಿ ಮುಚ್ಚಿಬಿಡುತ್ತಿದ್ದ. ಅಧ್ಯಕ್ಷರದೇ ಸಹಿ ಎಂದು ಅವನು ದುಬಾರಿಗೆ ಮಾರಿದ ಇಂಥವೇ ಊರಿನ ಎಷ್ಟೋ ಮನೆಗಳಲ್ಲಿ ತೂಗುತ್ತಿದ್ದವು. ಒಂದನ್ನು ಬಿಚ್ಚಿದರೆ ಎಲ್ಲವನ್ನೂ ಬಿಚ್ಚಿದಂತೆ. ಆಮೇಲೆ ಸೆರೆಮನೆ.

ಮುದುಕಿಯ ಕಣ್ಣು ಸಹಿಗಿಂತ ಅಂಚಿನ ಮೇಲೇ ಇತ್ತು. “ಒಂದ್ಸಲ ಬಿಚ್ಚಿ ತೋರಿಸ್ತೀರಾ?”

“ಗಾಳಿ ತಾಗಿದ್ರೆ ಹಾಳೆ ಪುಡಿಯಾಗುತ್ತೆ.”

“ನಮ್ಮತ್ತೆ ಮಾಡೋ ಬಿಸ್ಕತ್ತೂ ಹೀಗೇ,” ಎಂದ ಷೆರಿಫ್. “ನೋಡ್ಬೇಕು, ಮುಟ್ಟಬಾರದು.”

“ನೀನು ಬಾಯ್ಮುಚ್ಚು. ಟ್ರಾಸ್ಕ್ ಅವರೇ, ಸಂಕೋಚ ಬೇಡ. ಕಾರ್ಯದರ್ಶಿ ಬರೆದದ್ದು ಅಂದ್ರೂ ನಾನೇನು ಬೇಜಾರು ಮಾಡ್ಕೊಳ್ಳಲ್ಲ.”

ಬಲೆ, ಎಂದುಕೊಂಡ ಟ್ರಾಸ್ಕ್. “ಅಧ್ಯಕ್ಷರದ್ದೇ,” ಎಂದ ಮತ್ತೆ.

ಅವಳು ಚೀಲದಿಂದ ಬೈಬಲ್ ತೆಗೆದು ಅವನ ಮುಂದಿಟ್ಟಳು. ಓದಿ ಓದಿ ಅದರ ರಟ್ಟು ಸವೆದಿತ್ತು. “ಹಾಗಾದ್ರೆ ಇದನ್ನ ಮುಟ್ಟಿ ಹೇಳಿಬಿಡಿ. ನಾನು ನಂಬ್ತೀನಿ.”

ಟ್ರಾಸ್ಕ್ ಬಾಗಿಲ ಕಡೆ ನೋಡಿದ. ಷೆರಿಫ್ ಅಲುಗಲಿಲ್ಲ. ಟ್ರಾಸ್ಕ್ ಪುಸ್ತಕದ ಮೇಲೆ ಕೈಯಿಟ್ಟ.

“ದೇವರಾಣೆ, ಅಧ್ಯಕ್ಷರೇ ಬರೆದದ್ದು. ಕಾರ್ಯದರ್ಶಿ ಕೈಯ ಒಂದಕ್ಷರವೂ ಇದರಲ್ಲಿಲ್ಲ.”

ತಬಿತಾ ಪುಸ್ತಕವನ್ನು ಚೀಲಕ್ಕೆ ಸೇರಿಸಿ ಎದ್ದಳು. ಷೆರಿಫ್ ಬಾಗಿಲು ತೆರೆದ. ಬದುಕಿದೆ ಎಂದು ಟ್ರಾಸ್ಕ್ ಉಸಿರುಬಿಟ್ಟ.

“ಬನ್ನಿ ಅತ್ತೆ. ಇನ್ನೊಂದೂರಲ್ಲಿ ಹುಡುಕೋಣ,” ಎಂದು ಆರ್ವಿಲ್ ಅವಳ ತೋಳು ಹಿಡಿದ.

“ಇನ್ನೆಲ್ಲಿ ಹುಡುಕ್ತೀಯ, ಬಿಡಪ್ಪ,” ಎಂದಳು ತಬಿತಾ, “ಆ ಕಾರ್ಯದರ್ಶಿ ನಮ್ಮ ಮುತ್ತಜ್ಜ, ಸಾಯೋದ್ರೊಳಗೆ ಅವನ ಕೈಯ ಒಂದು ಸಾಲು ನೋಡ್ಬೇಕು ಅಂತಿದ್ದೆ, ಅಷ್ಟೆ.”